ಅಂಗಳದ ದುರ್ಬೀನಿನಲ್ಲಿ ಚಂದ್ರ, ಗುರು, ಶನಿ

ಹೊಸೂರಿನ ದೀಪಗಳ ನಡುವೆ ಇನ್ನೇನು ಆಕಾಶ ಕಾಣುತ್ತದೆ, ದುರ್ಬೀನು ಕೊಂಡರೆ ದಂಡ ಎನ್ನುವ ಮಾತು ಅವಲಪಲ್ಲಿ ಕಡೆ ಸಾಮಾನ್ಯ. ನೀಹಾರಿಕೆಗಳ ಮಟ್ಟಿಗೆ ಅದು ಸರಿ. ಚಂದ್ರ, ಗುರು, ಶನಿ ಹಾಗಲ್ಲ. ಊರಿನ ಬೆಳಕು ಅವನ್ನು ಮುಚ್ಚಲಾರದು. ನಾವಿರುವುದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಅವು ಆಕಾಶದಲ್ಲಿ ಎತ್ತರಕ್ಕೇ ಏರುತ್ತವೆ. ನೆರೆಯ ತಿರುಪತ್ತೂರು ಜಿಲ್ಲೆಯ ಕಾವಲೂರು ವೀಕ್ಷಣಾಲಯದಲ್ಲಿ 1977ರ ಮಾರ್ಚ್ 10ರಂದು ಯುರೇನಸ್ ಉಂಗುರಗಳ ಸುಳಿವು ಸಿಕ್ಕಿದ್ದೂ ಇದೇ ಸೀಮೆಯ ಆಕಾಶದಲ್ಲಿ.

ಚಿತ್ರ ಕೆಡಿಸುವುದು ಗಾಳಿಯ ನಡುಕ. ಹಗಲೆಲ್ಲ ಕಾದ ತಾರಸಿ ರಾತ್ರಿಯಾದರೂ ಬಿಸಿ ಉಗುಳುತ್ತಿರುತ್ತದೆ; ಅಲ್ಲಿಂದ ನೋಡಿದರೆ ಗುರು ನೀರೊಳಗಿನ ನಾಣ್ಯದಂತೆ ಅಲುಗುತ್ತಾನೆ. ಮಣ್ಣಿನ ಅಂಗಳವೇ ಮೇಲು. ದುರ್ಬೀನನ್ನು ಅರ್ಧ ಗಂಟೆ ಮುಂಚೆ ಹೊರಗಿಟ್ಟು ಆರಲು ಬಿಡಿ.

ಒಂದೇ ಫೋಟೊ ಸಾಲದು. ನಾಲ್ಕೈದು ಅಂಗುಲದ ದುರ್ಬೀನಿಗೆ ಸಣ್ಣ ಕ್ಯಾಮೆರಾ ಅಥವಾ ಮೊಬೈಲ್ ಜೋಡಿಸಿ ವಿಡಿಯೊ ತೆಗೆಯಿರಿ. ಸಾವಿರಾರು ಫ್ರೇಮುಗಳಲ್ಲಿ ಗಾಳಿ ಸುಮ್ಮನಿದ್ದ ಕ್ಷಣಗಳವನ್ನು ಆಟೊಸ್ಟ್ಯಾಕರ್ಟ್ ಎಂಬ ಉಚಿತ ತಂತ್ರಾಂಶ ಆರಿಸಿ ಒಂದರ ಮೇಲೊಂದು ಕೂರಿಸುತ್ತದೆ. ಗುರು 10 ಗಂಟೆಯೊಳಗೇ ಒಂದು ಸುತ್ತು ತಿರುಗುವುದರಿಂದ ಎರಡು ಮೂರು ನಿಮಿಷಕ್ಕೆ ನಿಲ್ಲಿಸಿ.

ಚಂದ್ರನ ಚಿತ್ರಕ್ಕೆ ಹುಣ್ಣಿಮೆ ಬೇಡ, ನೆರಳಿಲ್ಲದೆ ಸಪಾಟಾಗಿರುತ್ತಾನೆ. ಶುಕ್ಲ ಅಷ್ಟಮಿಯ ಆಸುಪಾಸು ಬೆಳಕು–ಕತ್ತಲಿನ ಗಡಿಯಲ್ಲಿ ಟಾಲೆಮಿಯಸ್ ಕುಳಿ, ಎರಡು ದಿನ ಬಿಟ್ಟು ಕೋಪರ್ನಿಕಸ್ ಕುಳಿ ಎದ್ದು ಕಾಣುತ್ತವೆ.

ಮಕ್ಕಳಿರುವ ಮನೆಯವರು ಗಮನಿಸಿ: ಹಗಲಲ್ಲಿ ದುರ್ಬೀನನ್ನು ಮುಚ್ಚಿ ಒಳಗಿಡಿ. ಮುಂಭಾಗಕ್ಕೆ ಸೌರ ಫಿಲ್ಟರ್ ಹಾಕದೆ ಸೂರ್ಯನತ್ತ ತಿರುಗಿಸಿ ನೋಡಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ.