ದೂರದ ಸೈಕಲ್ ಸವಾರಿ: ಕಾಲಿನ ಸೆಳೆತಕ್ಕೆ ಪರಿಹಾರ

ಬೆಂಗಳೂರಿನಲ್ಲೂ ನಡೆಯುವ, ಫ್ರಾನ್ಸ್ ಮೂಲದ ಬ್ರೆವೆ ಸವಾರಿಯಲ್ಲಿ 200 ಕಿ.ಮೀ. ದೂರವನ್ನು 13 ಗಂಟೆ 30 ನಿಮಿಷಗಳೊಳಗೆ ಕ್ರಮಿಸಬೇಕು. ಇಂಥ ಸವಾರಿಯ ಕೊನೆಯ ಹಂತದಲ್ಲಿ ಮೀನಖಂಡ, ತೊಡೆ, ಪಾದಗಳಲ್ಲಿ ಸೆಳೆತ ಕಾಣಿಸಿಕೊಳ್ಳುವುದು ಸಾಮಾನ್ಯ. ದಣಿದ ಸ್ನಾಯುವಿನ ಮೇಲೆ ನರಗಳ ಹಿಡಿತ ತಪ್ಪುವುದು ಇದಕ್ಕೆ ಮುಖ್ಯ ಕಾರಣ ಎನ್ನಲಾಗಿದೆ. ಬೆವರಿನೊಂದಿಗೆ ನೀರು, ಉಪ್ಪು ನಷ್ಟವಾಗುವುದೂ ಕೆಲವರಲ್ಲಿ ಕಾರಣವಾಗಬಹುದು.

ತಡೆಯುವುದು ಹೇಗೆ?: ಸವಾರಿಯ ದೂರವನ್ನು ಕ್ರಮೇಣ ಹೆಚ್ಚಿಸಬೇಕು. ಪೆಡಲ್ ಕೆಳಗಿದ್ದಾಗ ಮಂಡಿ ತುಸು ಬಾಗಿರುವಂತೆ ಸೀಟಿನ ಎತ್ತರ ಹೊಂದಿಸಬೇಕು. ಬಿಗಿಯಾದ ಶೂ ಧರಿಸಬಾರದು. ಬಾಯಾರಿಕೆಗೆ ತಕ್ಕಷ್ಟೇ ನೀರು ಸೇವಿಸಬೇಕು. ಬರಿನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಾಪಾಯ ಒದಗೀತು.

ಚಿಕಿತ್ಸೆ: ಮೀನಖಂಡ ಹಿಡಿದುಕೊಂಡೊಡನೆ ಸೈಕಲ್ ನಿಲ್ಲಿಸಿ, ಕಾಲು ನೀಡಿ, ಪಾದದ ಬೆರಳುಗಳನ್ನು ಮಂಡಿಯತ್ತ ನಿಧಾನವಾಗಿ ಎಳೆದು ಹಿಡಿಯಬೇಕು. ಅನಂತರ ಮೃದುವಾಗಿ ನೀವಬೇಕು. ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.