‘ಹೀಟ್’: ಪದ ಒಂದು, ಅರ್ಥ ಹಲವು

ಇಂಗ್ಲಿಷಿನ ‘ಹೀಟ್’ ಎಂಬ ಪುಟ್ಟ ಪದ ಕನ್ನಡಿಗರ ನಿತ್ಯದ ಮಾತಿನಲ್ಲಿ ಎಂದೋ ಬೆರೆತುಹೋಗಿದೆ. ಸ್ನಾನದ ನೀರು, ಪರಂಗಿಹಣ್ಣು, ಕೊಟ್ಟಿಗೆಯ ಹಸು, ಓಟದ ಪಂದ್ಯ ಎಲ್ಲಕ್ಕೂ ಅದೇ ಪದ ಬಳಕೆಯಾಗುತ್ತಿದೆ. ಆದರೆ ಒಂದೊಂದು ಕ್ಷೇತ್ರದಲ್ಲಿ ಅದರ ಅರ್ಥ ಒಂದೊಂದು ಬಗೆ. ಕನ್ನಡದಲ್ಲಾದರೋ ಇದಕ್ಕೆ ಬಿಸಿ, ಕಾವು, ಶಾಖ, ತಾಪ, ಉಷ್ಣ, ಸೆಕೆ, ಧಗೆ, ಝಳ, ಬೇಗೆ ಎಂದು ಸಂದರ್ಭಕ್ಕೆ ತಕ್ಕ ಪದಗಳಿವೆ. ಅರ್ಥಗಳನ್ನು ಬೆರೆಸಿಕೊಂಡರೆ ಕೆಲವೊಮ್ಮೆ ಜೀವಕ್ಕೇ ಅಪಾಯ ಒದಗಬಹುದು.

ವಿಜ್ಞಾನದಲ್ಲಿ

ಭೌತಶಾಸ್ತ್ರದ ಪ್ರಕಾರ ಉಷ್ಣವೆಂದರೆ ಹೆಚ್ಚು ಬಿಸಿಯಾದ ವಸ್ತುವಿನಿಂದ ಕಡಿಮೆ ಬಿಸಿಯಾದ ವಸ್ತುವಿಗೆ ಹರಿಯುವ ಶಕ್ತಿ. ಉಷ್ಣತೆ ಅಥವಾ ತಾಪಮಾನ ಬೇರೆಯೇ ಸಂಗತಿ. ಒಂದು ಲೋಟ ಕುದಿಯುವ ನೀರಿಗೂ ಒಂದು ಹಂಡೆ ಕುದಿಯುವ ನೀರಿಗೂ ತಾಪಮಾನ ಒಂದೇ. ಆದರೆ ಅಷ್ಟು ನೀರನ್ನು ಕುದಿಸಲು ಹಂಡೆಗೆ ಬೇಕಾದ ಶಾಖ ಎಷ್ಟೋ ಪಟ್ಟು ಹೆಚ್ಚು.

ಉಷ್ಣವೊಂದು ಅದೃಶ್ಯ ದ್ರವವೆಂಬ ನಂಬಿಕೆ 18ನೇ ಶತಮಾನದಲ್ಲಿತ್ತು. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವಾಗ ಘರ್ಷಣೆಯಿಂದ ಶಾಖ ಹುಟ್ಟುತ್ತಲೇ ಇರುವುದನ್ನು ಕಂಡ ಕೌಂಟ್ ರಮ್‌ಫೋರ್ಡ್, 1798ರಲ್ಲಿ ಆ ನಂಬಿಕೆಯನ್ನು ಪ್ರಶ್ನಿಸಿದ. ಮುಂದೆ 1840ರ ದಶಕದಲ್ಲಿ ಜೇಮ್ಸ್ ಜೌಲ್, ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಶಾಖವೆಂದು ಅಳೆದು ತೋರಿಸಿದ. ಇಂದು ಉಷ್ಣವನ್ನು ಅಳೆಯುವ ಮಾನಕ್ಕೆ ಅವನದೇ ಹೆಸರು. ಒಂದು ಕ್ಯಾಲೊರಿ ಸುಮಾರು 4.18 ಜೌಲ್‌ಗೆ ಸಮ.

ಹವಾಮಾನದಲ್ಲಿ

‘ಹೀಟ್ ವೇವ್’ ಎಂಬುದನ್ನು ಕನ್ನಡ ಪತ್ರಿಕೆಗಳು ‘ಬಿಸಿಗಾಳಿ’ ಎಂದು ಬರೆಯುವುದು ರೂಢಿ. ಈ ಪದ ತುಸು ದಾರಿ ತಪ್ಪಿಸುವಂಥದ್ದು. ಗಾಳಿ ಬೀಸದ ದಿನವೂ, ಮನೆಯೊಳಗೂ ಅದರ ಅಪಾಯ ಇದ್ದೇ ಇರುತ್ತದೆ. ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಗರಿಷ್ಠ ತಾಪಮಾನ ಬಯಲು ಪ್ರದೇಶದಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಅದರ ಜೊತೆಗೆ ವಾಡಿಕೆಗಿಂತ ಏರಿಕೆ ಎಷ್ಟೆಂಬುದೂ ಲೆಕ್ಕಕ್ಕೆ ಬರುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿಗೆ ಏರಿ ಜನ ಬೆಂದರೂ ಅದು 40ರ ಗೆರೆಯನ್ನು ದಾಟಿರಲಿಲ್ಲ. ಗೆರೆಯ ಈಚೆಗಿದ್ದ ಮಾತ್ರಕ್ಕೆ ದೇಹಕ್ಕೆ ಅಪಾಯವಿಲ್ಲವೆಂದಲ್ಲ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬೆವರು ಆರದು, ಮೈ ತಣಿಯದು.

ವೈದ್ಯಕೀಯದಲ್ಲಿ

‘ಮೈ ಹೀಟ್ ಆಗಿದೆ, ಎಳನೀರು ಕುಡಿ’ ಎಂಬುದು ಮನೆಮನೆಯ ಮಾತು. ಇಲ್ಲಿ ಹೀಟ್ ಎಂದರೆ ಆಹಾರದ ಉಷ್ಣಗುಣ, ಬಾಯಿಹುಣ್ಣು, ಕಣ್ಣುರಿ ಮುಂತಾದವು. ಥರ್ಮಾಮೀಟರಿಗೂ ಇದಕ್ಕೂ ಸಂಬಂಧವಿಲ್ಲ. ‘ಹೀಟ್ ಸ್ಟ್ರೋಕ್’ ಅಥವಾ ಶಾಖಾಘಾತ ಹಾಗಲ್ಲ. ಅದರಲ್ಲಿ ದೇಹದ ಒಳಗಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಮಾತು ತೊದಲುವುದು, ಗೊಂದಲ, ಸೆಳೆತ, ಪ್ರಜ್ಞೆ ತಪ್ಪುವುದು ಅದರ ಲಕ್ಷಣಗಳು. ಇದನ್ನು ‘ಬರೀ ಹೀಟು’ ಎಂದು ಮಜ್ಜಿಗೆ ಕುಡಿಸಿ ಮಲಗಿಸಿದರೆ ಪ್ರಾಣ ಹೋಗಬಹುದು. ರೋಗಿಯನ್ನು ಕೂಡಲೇ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಅಡುಗೆಮನೆಯಲ್ಲಿ

ಬಿಸಿ ಮತ್ತು ಖಾರ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಮೆಣಸಿನಕಾಯಿಯ ಈ ‘ಹೀಟ್’ ಅಳೆಯುವ ಕ್ರಮವನ್ನು 1912ರಲ್ಲಿ ರೂಪಿಸಿದವನು ಅಮೆರಿಕದ ಔಷಧತಜ್ಞ ವಿಲ್ಬರ್ ಸ್ಕೋವಿಲ್. ಇಂಗ್ಲಿಷಿನ ಈ ಬೆರಕೆಗೆ ವಿಜ್ಞಾನದ ಸಮರ್ಥನೆಯೂ ಇದೆ. ನರಗಳಲ್ಲಿ ಸುಡುಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಮೆಣಸಿನ ಕ್ಯಾಪ್ಸೈಸಿನ್ ಸಹ ಕೆರಳಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಹಂಚಿಕೊಂಡರು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾತ್ರ ಹೆಸರಾಗಿರುವುದು ಖಾರಕ್ಕಲ್ಲ, ಕೆಂಪು ಬಣ್ಣಕ್ಕೆ.

ಹೈನುಗಾರಿಕೆಯಲ್ಲಿ

‘ಹಸು ಹೀಟ್‌ಗೆ ಬಂದಿದೆ’ ಎಂದರೆ ಬೆದೆಗೆ ಬಂದಿದೆ ಎಂದರ್ಥ. ಸುಮಾರು 21 ದಿನಗಳಿಗೊಮ್ಮೆ ಬರುವ ಬೆದೆ ಸಾಮಾನ್ಯವಾಗಿ ಒಂದು ದಿನವೂ ನಿಲ್ಲದು. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ವಾಡಿಕೆ. ಒಮ್ಮೆ ಕಣ್ತಪ್ಪಿದರೆ ರೈತ ಮತ್ತೆ ಮೂರು ವಾರ ಕಾಯಬೇಕು. ಅಷ್ಟೂ ದಿನ ಹಸುವಿನ ಮೇವಿನ ಖರ್ಚು ಅವನ ತಲೆಯ ಮೇಲೆಯೇ.

ಕ್ರೀಡೆ, ಕೈಗಾರಿಕೆ, ಸಿನಿಮಾ

ಓಟ ಮತ್ತು ಈಜು ಸ್ಪರ್ಧೆಗಳ ಆರಂಭಿಕ ಅರ್ಹತಾ ಸುತ್ತುಗಳು ‘ಹೀಟ್ಸ್’. ಇಬ್ಬರು ಏಕಕಾಲಕ್ಕೆ ಗುರಿ ಮುಟ್ಟಿದರೆ ಅದು ‘ಡೆಡ್ ಹೀಟ್’. ಉಕ್ಕಿನ ಕಾರ್ಖಾನೆಯಲ್ಲಿ ಒಂದು ಬಾರಿಗೆ ಕರಗಿಸಿದ ಲೋಹದ ರಾಶಿಯೇ ಒಂದು ‘ಹೀಟ್’. ಅದಕ್ಕೆ ಕೊಡುವ ಸಂಖ್ಯೆಯ ಜಾಡು ಹಿಡಿದರೆ ಸರಳು ಅಥವಾ ತಗಡು ಯಾವ ಎರಕದ್ದೆಂದು ತಿಳಿಯುತ್ತದೆ. ಅಮೆರಿಕದ ಆಡುಮಾತಿನಲ್ಲಿ ಪೊಲೀಸರಿಗೂ ಇದೇ ಹೆಸರು. ಅಲ್ ಪಚಿನೊ ಮತ್ತು ರಾಬರ್ಟ್ ಡಿ ನಿರೊ ನಟಿಸಿದ, ಮೈಕೆಲ್ ಮಾನ್ ನಿರ್ದೇಶನದ 1995ರ ‘ಹೀಟ್’ ಚಿತ್ರವೂ ಕಳ್ಳ–ಪೊಲೀಸರ ಕಥೆಯೇ. ‘ಮಯಾಮಿ ಹೀಟ್’ ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡ. ರೂತ್ ಪ್ರವರ್ ಝಾಬ್ವಾಲಾ ಅವರ ‘ಹೀಟ್ ಅಂಡ್ ಡಸ್ಟ್’ ಕಾದಂಬರಿಗೆ 1975ರ ಬೂಕರ್ ಪ್ರಶಸ್ತಿ ಸಂದಿತು.

ಕೋಳಿ ಕೂರುವುದು ಕಾವಿಗೆ, ಉಳುಕಿಗೆ ಕೊಡುವುದು ಶಾಖ, ಬೇಸಿಗೆಯ ರಾತ್ರಿ ನಿದ್ದೆಗೆಡಿಸುವುದು ಸೆಕೆ. ಯಾವುದು ಯಾವುದೆಂದು ಬಿಡಿಸಿ ಹೇಳುವ ಪದಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ. ಬಿಸಿಲಲ್ಲಿ ಕುಸಿದುಬಿದ್ದವರನ್ನು ಕಂಡಾಗಲಂತೂ ‘ಹೀಟು’ ಎಂದು ಸುಮ್ಮನಾಗದಿರುವುದು ಒಳಿತು.