ವಿಜ್ಞಾನದ ಗಡಿರೇಖೆ

ವಿಜ್ಞಾನವನ್ನು ಹುಸಿವಿಜ್ಞಾನದಿಂದ ಬೇರ್ಪಡಿಸುವ ಮಾನದಂಡ ಯಾವುದು ಎಂಬುದು ವಿಜ್ಞಾನ ತತ್ತ್ವಶಾಸ್ತ್ರದ ಬಗೆಹರಿಯದ ಪ್ರಶ್ನೆಗಳಲ್ಲೊಂದು. ಸುಳ್ಳೆಂದು ತೋರಿಸಲು ಅವಕಾಶವಿರುವ ಹೇಳಿಕೆ ಮಾತ್ರ ವೈಜ್ಞಾನಿಕ ಎಂದು ಕಾರ್ಲ್ ಪಾಪರ್ 1934ರಲ್ಲಿ ವಾದಿಸಿದರು.

ಕರ್ನಾಟಕದಲ್ಲಿ ಈ ಪ್ರಶ್ನೆ ಬೀದಿಯ ಮಾತಾದದ್ದು 1976ರಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಅವರು ಸಮಿತಿ ರಚಿಸಿದರು. ಪವಾಡಗಳಿಗೆ ಹೆಸರಾಗಿದ್ದ ಸತ್ಯ ಸಾಯಿಬಾಬಾ ಅವರಿಗೆ ಅವನ್ನು ಪರೀಕ್ಷೆಗೆ ಒಡ್ಡುವಂತೆ ಹೋದ ಆಹ್ವಾನಕ್ಕೆ ಒಪ್ಪಿಗೆ ಸಿಗಲಿಲ್ಲ. ಸಮಿತಿಯ ಹೆಸರಿನಲ್ಲೇ ಇದ್ದ 'ಪರೀಕ್ಷಿಸಬಹುದಾದ' ಎಂಬ ವಿಶೇಷಣ ಗಮನಾರ್ಹ: ನಂಬಿಕೆಯೆಲ್ಲ ತನಿಖೆಗೆ ಒಳಪಡುವುದಿಲ್ಲ, ಒಳಪಡುವಂಥವು ತಪ್ಪಿಸಿಕೊಳ್ಳಬಾರದು ಎಂಬ ನಿಲುವು ಅದರಲ್ಲಿದೆ.

ತೊಡಕು ಇರುವುದು ಪರೀಕ್ಷೆಯಲ್ಲಿನ ಸೋಲಿನ ಅರ್ಥದಲ್ಲಿ. ಪವಾಡ ನಡೆಯದಿದ್ದರೆ ನೋಡುವವರಿಗೆ ಶ್ರದ್ಧೆ ಸಾಲದು ಎನ್ನಬಹುದು. ವಿಜ್ಞಾನಿಗಳೂ ಕೆಲವೊಮ್ಮೆ ಹೀಗೆಯೇ ಸಿದ್ಧಾಂತವನ್ನು ಉಳಿಸಿಕೊಳ್ಳುತ್ತಾರೆ. ಯುರೇನಸ್ ಲೆಕ್ಕ ತಪ್ಪಿ ಚಲಿಸಿದಾಗ ಖಗೋಳವಿಜ್ಞಾನಿಗಳು ನ್ಯೂಟನ್ನನ ನಿಯಮವನ್ನು ಕೈಬಿಡಲಿಲ್ಲ. ಕಾಣದ ಗ್ರಹವೊಂದನ್ನು ಊಹಿಸಿದರು, 1846ರಲ್ಲಿ ನೆಪ್ಚೂನ್ ಸಿಕ್ಕಿತು. ವ್ಯತ್ಯಾಸವೆಂದರೆ ಆ ಊಹೆಯನ್ನೂ ದೂರದರ್ಶಕದಿಂದ ಪರೀಕ್ಷಿಸಬಹುದಿತ್ತು. ಬುಧನ ಕಕ್ಷೆಯಲ್ಲಿ ಕಂಡ ಇಂಥದೇ ವ್ಯತ್ಯಾಸಕ್ಕೆ ಕಾರಣವೆಂದು ಊಹಿಸಿದ 'ವಲ್ಕನ್' ಗ್ರಹ ಮಾತ್ರ ಸಿಗಲೇ ಇಲ್ಲ.

ಎಲ್ಲ ವಿಜ್ಞಾನಗಳಿಗೂ ಹೊಂದುವ ಒಂದೇ ಗೆರೆ ಇಲ್ಲವೆಂದು ತತ್ತ್ವಜ್ಞಾನಿ ಲ್ಯಾರಿ ಲಾಡನ್ 1983ರಲ್ಲಿ ಪ್ರಶ್ನೆಯನ್ನೇ ತಳ್ಳಿಹಾಕಿದರು. ಇದು ಅವಸರದ ತೀರ್ಪು, ಏಕೆಂದರೆ ಪಠ್ಯಕ್ರಮ ರೂಪಿಸುವವರು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಭಾರತದಲ್ಲಿ ಈ ಗೆರೆಯ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು: ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ ಬೋಧನೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ತಿರಸ್ಕರಿಸಿತು.